ಓದುಗರ ಪ್ರಶ್ನೆ: ಸೂಪರ್‌ಸಿಮೆಟ್ರಿ ಎಲ್ಲಿ ಹೋಯಿತು?

ಕಣಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸೂಪರ್‌ಸಿಮೆಟ್ರಿ ಬಗ್ಗೆಯೇ ಇವೆ. ನಮಗೆ ಗೊತ್ತಿರುವ ಪ್ರತಿ ಮೂಲಕಣಕ್ಕೂ ಇನ್ನೂ ಕಾಣದ ಒಂದು ಜೋಡಿ ಕಣ ಇದೆ ಎನ್ನುವ ಕಲ್ಪನೆ ಅದು. ನಾನು ಪಿಎಚ್‌ಡಿ ಮಾಡಿದ್ದು ಅದೇ ವಿಷಯದಲ್ಲಿ. ಹಾಗಾಗಿ ಈ ಸಲ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಒಂದೇ ತರಹದ ಪ್ರಶ್ನೆಗಳಿದ್ದರೆ ಅವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ಸೂಪರ್‌ಸಿಮೆಟ್ರಿಯಲ್ಲಿ ಪ್ರತಿ ಕಣಕ್ಕೂ ಒಂದು ಜೋಡಿ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಯಾಕೆ ಇರಬೇಕು ಎಂದು ಯಾರೂ ಹೇಳುವುದಿಲ್ಲ. ನೀವಾದರೂ ಹೇಳಿ. (ಬಿ.ಎಸ್ಸಿ. ವಿದ್ಯಾರ್ಥಿನಿ)

ನಿಮ್ಮ ದೂರು ಸರಿಯಾಗಿದೆ. ಆ ‘ಯಾಕೆ’ಯನ್ನು ಬಿಟ್ಟರೆ ಈ ವಿಷಯದಲ್ಲಿ ಸ್ವಾರಸ್ಯವೇ ಉಳಿಯುವುದಿಲ್ಲ.

ನಮಗೆ ಗೊತ್ತಿರುವ ಮೂಲಕಣಗಳು ಎರಡು ಗುಂಪಿನವು. ಎಲೆಕ್ಟ್ರಾನ್, ಕ್ವಾರ್ಕ್, ನ್ಯೂಟ್ರಿನೊ ಇವೆಲ್ಲ ಫರ್ಮಿಯಾನ್‌ಗಳು. ಫೋಟಾನ್ (ಬೆಳಕಿನ ಕಣ), ಗ್ಲುವಾನ್ (ಕ್ವಾರ್ಕ್‌ಗಳನ್ನು ಅಂಟಿಸಿಡುವ ಕಣ), ಡಬ್ಲ್ಯು, ಝಡ್, ಹಿಗ್ಸ್ ಇವು ಬೋಸಾನ್‌ಗಳು. ವ್ಯತ್ಯಾಸ ಇರುವುದು ಸ್ಪಿನ್‌ನಲ್ಲಿ, ಅಂದರೆ ಕಣಕ್ಕೆ ಹುಟ್ಟಿನಿಂದಲೇ ಇರುವ, ತಿರುಗುವಿಕೆಯನ್ನು ಹೋಲುವ ಒಂದು ಗುಣದಲ್ಲಿ. ಈ ಫರ್ಮಿಯಾನ್‌ಗಳ ಸ್ಪಿನ್ ಅರ್ಧ. ಈ ಬೋಸಾನ್‌ಗಳದ್ದು 0 ಅಥವಾ 1. ಇಷ್ಟೇ ವ್ಯತ್ಯಾಸ, ಆದರೆ ನಡವಳಿಕೆ ಪೂರ್ತಿ ಬೇರೆ. ಎರಡು ಎಲೆಕ್ಟ್ರಾನ್‌ಗಳು ಒಂದೇ ಸ್ಥಿತಿಯಲ್ಲಿ ಇರಲಾರವು. ಫೋಟಾನ್‌ಗಳು ಎಷ್ಟು ಬೇಕಾದರೂ ಒಂದೇ ಸ್ಥಿತಿಗೆ ಬಂದು ಸೇರುತ್ತವೆ. ಲೇಸರ್ ಕೆಲಸ ಮಾಡುವುದು ಆ ಗುಣದಿಂದಲೇ.

ಈ ಎರಡು ಗುಂಪುಗಳನ್ನು ಒಂದಕ್ಕೊಂದು ಬದಲಿಸುವ ನಿಯಮ ಇರಬಹುದೇ ಎಂಬ ಯೋಚನೆ 1970ರ ದಶಕದ ಆರಂಭದಲ್ಲಿ ಬಂತು. ಸೋವಿಯತ್ ಒಕ್ಕೂಟದಲ್ಲಿ ಗೋಲ್ಫಾಂಡ್ ಮತ್ತು ಲಿಖ್ಟ್‌ಮನ್ 1971ರಲ್ಲೇ ಇದರ ಗಣಿತ ಬರೆದರು. 1974ರಲ್ಲಿ ಯೂಲಿಯಸ್ ವೆಸ್ ಮತ್ತು ಬ್ರೂನೊ ಝುಮಿನೊ ಬರೆದ ಮೇಲೆ ಎಲ್ಲ ಕಡೆ ಇದರ ಮೇಲೆ ಕೆಲಸ ಶುರುವಾಯಿತು. ಆ ನಿಯಮ, ಅಂದರೆ ಸೂಪರ್‌ಸಿಮೆಟ್ರಿ, ನಿಜವಾಗಿದ್ದರೆ ಎಲೆಕ್ಟ್ರಾನಿಗೆ ಸ್ಪಿನ್ 0 ಇರುವ ಸೆಲೆಕ್ಟ್ರಾನ್ ಎಂಬ ಜೋಡಿ ಇರಬೇಕು. ಕ್ವಾರ್ಕಿಗೆ ಸ್ಕ್ವಾರ್ಕ್, ಫೋಟಾನಿಗೆ ಫೋಟಿನೊ, ಗ್ಲುವಾನಿಗೆ ಗ್ಲುಯಿನೊ.

ಈಗ ನಿಮ್ಮ ‘ಯಾಕೆ’. ಬೇರೆ ಮೂಲಕಣಗಳಿಗೆ ತೂಕ ಬರುವುದರ ಜೊತೆ ನಂಟಿರುವ ಕಣ ಹಿಗ್ಸ್ ಬೋಸಾನ್. ಅದರ ತೂಕ ಪ್ರೋಟಾನಿನ ತೂಕದ ಸುಮಾರು 133 ಪಟ್ಟು. ಕ್ವಾಂಟಂ ಲೆಕ್ಕದಲ್ಲಿ, ಹಿಗ್ಸ್ ಜೊತೆ ಒಡನಾಟ ಇರುವ ಪ್ರತಿ ಕಣವೂ ಅದರ ತೂಕಕ್ಕೆ ತನ್ನ ಪಾಲು ಸೇರಿಸುತ್ತದೆ. ಕಣ ಭಾರವಾದಷ್ಟೂ ಪಾಲು ದೊಡ್ಡದು. ಗುರುತ್ವ ಬಲವು ಕ್ವಾಂಟಂ ಲೋಕದಲ್ಲಿ ತಲೆಹಾಕುವ ಮಟ್ಟ ಹಿಗ್ಸ್‌ನ ತೂಕಕ್ಕಿಂತ ಸುಮಾರು 1ರ ಮುಂದೆ 17 ಸೊನ್ನೆ ಇಟ್ಟಷ್ಟು ಪಟ್ಟು ಮೇಲಿದೆ. ಅಲ್ಲಿ ಭಾರದ ಹೊಸ ಕಣಗಳಿದ್ದರೆ, ಹಿಗ್ಸ್‌ನ ತೂಕವನ್ನೂ ಅವು ಆ ಎತ್ತರಕ್ಕೆ ಎಳೆದೊಯ್ಯಬೇಕಿತ್ತು. ಹಾಗೆ ಆಗಿಲ್ಲ. ಆಗದೇ ಇರಬೇಕಾದರೆ ಮೂವತ್ತಕ್ಕಿಂತ ಜಾಸ್ತಿ ಅಂಕಿಗಳಿರುವ ಎರಡು ಸಂಖ್ಯೆಗಳು ಕೊನೆಯ ಕೆಲವು ಅಂಕಿಗಳವರೆಗೂ ಸರಿಯಾಗಿ ಹೊಂದಿಕೊಂಡು ಒಂದನ್ನೊಂದು ಕಳೆಯಬೇಕು. ಅದು ತಾನಾಗಿಯೇ ಆಯಿತು ಎಂದು ಒಪ್ಪಿಕೊಳ್ಳುವುದು ಕಷ್ಟ ಅಲ್ವಾ?

ಸೂಪರ್‌ಸಿಮೆಟ್ರಿ ಇಲ್ಲಿ ಕಾರಣ ಕೊಡುತ್ತದೆ. ಫರ್ಮಿಯಾನಿನ ಪಾಲು ಮತ್ತು ಬೋಸಾನಿನ ಪಾಲು ವಿರುದ್ಧ ಚಿಹ್ನೆಯವು. ಒಂದು ಪ್ಲಸ್, ಒಂದು ಮೈನಸ್. ಪ್ರತಿ ಕಣಕ್ಕೂ ಎದುರು ಗುಂಪಿನ ಜೋಡಿ ಇದ್ದರೆ ದೊಡ್ಡ ಪಾಲುಗಳೆಲ್ಲ ತಾವಾಗಿ ಅಳಿದುಹೋಗುತ್ತವೆ. ಉಳಿಯುವುದು ಸಣ್ಣ ಸಂಖ್ಯೆ. ಈ ಲೆಕ್ಕವನ್ನು ಮೊದಲ ಸಲ ಕೈಯಲ್ಲಿ ಮಾಡಿದ ದಿನ ನಾನು ರಾತ್ರಿ ಊಟ ಮರೆತಿದ್ದೆ. ಪುಟದ ತುಂಬ ಇದ್ದ ಪದಗಳು ಒಂದೊಂದಾಗಿ ಹೊಡೆದುಹೋದವು. ನೀವೂ ಎಂ.ಎಸ್ಸಿ.ಗೆ ಬಂದಾಗ ಇದನ್ನು ಮಾಡಿ ನೋಡಿ. ಓದುವುದು ಬೇರೆ, ಮಾಡುವುದು ಬೇರೆ.

ಇನ್ನೂ ಎರಡು ಕಾರಣಗಳಿದ್ದವು. ಜೋಡಿಗಳಲ್ಲಿ ಎಲ್ಲಕ್ಕಿಂತ ಹಗುರವಾದದ್ದು ಹಲವು ಮಾದರಿಗಳಲ್ಲಿ ಬೇರೆ ಕಣಗಳಾಗಿ ಒಡೆಯುವುದಿಲ್ಲ, ಬೆಳಕಿಗೂ ಸಿಗುವುದಿಲ್ಲ. ವಿಶ್ವದಲ್ಲಿ ಮಾಮೂಲಿ ವಸ್ತುವಿಗಿಂತ ಸುಮಾರು 5 ಪಟ್ಟು ಇರುವ, ಕಾಣದಿದ್ದರೂ ಗುರುತ್ವದಿಂದ ಗೊತ್ತಾಗುವ ಡಾರ್ಕ್ ಮ್ಯಾಟರ್ ಅದೇ ಇರಬಹುದಿತ್ತು. ಎರಡನೆಯದು, ಪ್ರಕೃತಿಯ ಮೂರು ಬಲಗಳ (ವಿದ್ಯುತ್ಕಾಂತ, ದುರ್ಬಲ, ಪ್ರಬಲ) ಪ್ರಮಾಣವನ್ನು ಮೇಲಿನ ಶಕ್ತಿಗಳತ್ತ ಲೆಕ್ಕ ಹಾಕುತ್ತಾ ಹೋದರೆ ಅವು ಒಂದು ಕಡೆ ಸೇರುತ್ತವೆಯೇ ಎಂಬುದು. ಸೂಪರ್‌ಸಿಮೆಟ್ರಿ ಇಲ್ಲದೆ ಗ್ರಾಫ್‌ನ ಮೂರು ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ಇದ್ದರೆ ಬಹಳ ಹತ್ತಿರ ಕೂಡುತ್ತವೆ. ಒಂದೇ ಕಲ್ಪನೆಯಿಂದ ಮೂರು ಬೇರೆ ಬೇರೆ ಒಗಟುಗಳಿಗೆ ಉತ್ತರ ಸಿಗುವಂತಿತ್ತು. ಅದಕ್ಕೇ ಅಷ್ಟು ಜನ ಅದರ ಹಿಂದೆ ಹೋದರು.

ಪ್ರಶ್ನೆ: ಈ ಜೋಡಿ ಕಣ ಮತ್ತು ಪ್ರತಿಕಣ ಎರಡೂ ಒಂದೇನಾ? (ಓದುಗರು)

ಅಲ್ಲ. ತುಂಬ ಜನ ಇದನ್ನು ಕೇಳಿದ್ದಾರೆ.

1928ರಲ್ಲಿ ಡಿರಾಕ್ ಬರೆದ ಸಮೀಕರಣದಿಂದ ಎಲೆಕ್ಟ್ರಾನಿಗೆ ಪ್ರತಿಕಣ ಇರಬೇಕು ಎಂದು ತಿಳಿಯಿತು. 1932ರಲ್ಲಿ ಕಾರ್ಲ್ ಆಂಡರ್ಸನ್ ಅದನ್ನು ಕಂಡರು. ಅದೇ ಪಾಸಿಟ್ರಾನ್. ಇಂದು ಆಸ್ಪತ್ರೆಗಳ ಪೆಟ್ ಸ್ಕ್ಯಾನ್‌ನಲ್ಲಿ ದಿನಾ ಬಳಕೆಯಾಗುತ್ತದೆ. ಪಾಸಿಟ್ರಾನಿಗೆ ಎಲೆಕ್ಟ್ರಾನಿನಷ್ಟೇ ತೂಕ, ಅಷ್ಟೇ ಸ್ಪಿನ್. ಚಾರ್ಜ್ ಮಾತ್ರ ಉಲ್ಟಾ.

ಸೆಲೆಕ್ಟ್ರಾನ್ ಹಾಗಲ್ಲ. ಅದಕ್ಕೆ ಎಲೆಕ್ಟ್ರಾನಿನದೇ ಚಾರ್ಜ್, ಆದರೆ ಬೇರೆ ಸ್ಪಿನ್. ತೂಕವಂತೂ ತುಂಬ ಜಾಸ್ತಿ ಇರಲೇಬೇಕು. ಯಾಕೆ ಗೊತ್ತೇ? ಎಲೆಕ್ಟ್ರಾನಿನಷ್ಟೇ ತೂಕದ ಸೆಲೆಕ್ಟ್ರಾನ್ ಇದ್ದಿದ್ದರೆ ಅದು ಪರಮಾಣುಗಳಲ್ಲಿ ಎಲೆಕ್ಟ್ರಾನಿನ ಜಾಗಕ್ಕೆ ಬರಬಹುದಿತ್ತು. ಅದು ಬೋಸಾನ್. ಎಷ್ಟು ಬೇಕಾದರೂ ಒಂದೇ ಸ್ಥಿತಿಗೆ ಇಳಿಯುತ್ತವೆ. ಎಲ್ಲವೂ ತಳದ ಮಟ್ಟದಲ್ಲೇ ಸೇರಿಬಿಟ್ಟರೆ ಆವರ್ತ ಕೋಷ್ಟಕ ಇರುವುದಿಲ್ಲ, ನಮಗೆ ಗೊತ್ತಿರುವ ರಸಾಯನಶಾಸ್ತ್ರವೂ ಇರುವುದಿಲ್ಲ. ನೀವು ಈ ಪುಟ ಓದುತ್ತಿದ್ದೀರಿ ಎಂಬುದೇ ಸೂಪರ್‌ಸಿಮೆಟ್ರಿ ಇದ್ದರೂ ಪೂರ್ಣವಾಗಿ ಉಳಿದಿಲ್ಲ, ಎಲ್ಲೋ ಮುರಿದಿದೆ ಎಂಬುದಕ್ಕೆ ಸಾಕ್ಷಿ. ಎಷ್ಟು ಮುರಿದಿದೆ, ಜೋಡಿಗಳು ಎಷ್ಟು ಭಾರ ಎಂಬುದನ್ನು ಸಿದ್ಧಾಂತ ಹೇಳಲಿಲ್ಲ. ಎಲ್ಲ ಕಷ್ಟ ಶುರುವಾದದ್ದು ಅಲ್ಲಿಂದ.

ಪ್ರಶ್ನೆ: ನೇರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಷ್ಟು ದೊಡ್ಡ ಯಂತ್ರ ಕಟ್ಟಿದರು, ಸೂಪರ್‌ಸಿಮೆಟ್ರಿ ಸಿಗಲಿಲ್ಲ. ನಿಮ್ಮಂಥವರ ವಯಸ್ಸು ವ್ಯರ್ಥವಾಯಿತು ಅನಿಸುವುದಿಲ್ಲವೇ? (ನಿವೃತ್ತ ಶಿಕ್ಷಕರು)

ಬೇಸರ ಇಲ್ಲ ಸರ್. ಈ ಪ್ರಶ್ನೆಗೆ ಉದ್ದ ಉತ್ತರ ಕೊಡಬೇಕು ಎಂದು ನನಗೇ ಆಸೆ ಇತ್ತು.

ಮೊದಲು ಹೇಗೆ ಹುಡುಕಿದರು ಎಂದು ಹೇಳುತ್ತೇನೆ. ಜಿನೀವಾ ಹತ್ತಿರ ಸರ್ನ್ ಸಂಸ್ಥೆಯ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ನೆಲದ ಕೆಳಗಿನ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿದೆ. ಅದರೊಳಗೆ ಪ್ರೋಟಾನ್‌ಗಳ ಗುಂಪುಗಳು ಎದುರುಬದುರಾಗಿ ಓಡುತ್ತವೆ. ಸೆಕೆಂಡಿಗೆ ಸುಮಾರು 4 ಕೋಟಿ ಸಲ ಒಂದನ್ನೊಂದು ಹಾಯುತ್ತವೆ. ಅಷ್ಟನ್ನೂ ಬರೆದಿಟ್ಟುಕೊಳ್ಳಲು ಆಗುವುದಿಲ್ಲ. ಅಟ್ಲಾಸ್ ಮತ್ತು ಸಿಎಂಎಸ್ ಎಂಬ ಎರಡು ದೊಡ್ಡ ಡಿಟೆಕ್ಟರ್‌ಗಳು ಆಯ್ದ ಸ್ವಲ್ಪವನ್ನು ಮಾತ್ರ ಇಟ್ಟುಕೊಳ್ಳುತ್ತವೆ.

ಕಣ್ಣಿಗೇ ಬೀಳದ ಕಣವನ್ನು ಹಿಡಿಯುವುದು ಹೇಗೆ? ಡಿಕ್ಕಿಗೆ ಮುಂಚೆ ಪ್ರೋಟಾನ್‌ಗಳಿಗೆ ಅಡ್ಡ ದಿಕ್ಕಿನಲ್ಲಿ ಸಂವೇಗ ಇಲ್ಲ. ಹಾಗಾಗಿ ಡಿಕ್ಕಿಯ ನಂತರ ಹೊರಬಂದ ಎಲ್ಲದರ ಅಡ್ಡ ಸಂವೇಗ ಕೂಡಿದರೆ ಸೊನ್ನೆಯೇ ಬರಬೇಕು. ಒಂದು ಕಡೆ ಜೋರಾಗಿ ಕಣಗಳು ಚಿಮ್ಮಿ, ಎದುರು ಕಡೆ ಏನೂ ಇಲ್ಲದಿದ್ದರೆ, ಕಾಣದ ಏನೋ ಒಂದು ತಪ್ಪಿಸಿಕೊಂಡಿದೆ ಎಂದರ್ಥ. 1983ರಲ್ಲಿ ಡಬ್ಲ್ಯು ಬೋಸಾನ್ ಸಿಕ್ಕಿದ್ದು ಇದೇ ಉಪಾಯದಿಂದ. ತೊಂದರೆ ಏನೆಂದರೆ ನ್ಯೂಟ್ರಿನೊಗಳೂ ಹೀಗೇ ತಪ್ಪಿಸಿಕೊಳ್ಳುತ್ತವೆ. ಡಿಟೆಕ್ಟರಿನ ಒಂದು ಮೂಲೆ ಸರಿಯಾಗಿ ಅಳೆಯದಿದ್ದರೂ ಹೀಗೇ ಕಾಣುತ್ತದೆ. ಮಾಮೂಲಿ ಕಾರಣಗಳಿಂದ ಇಂಥ ಘಟನೆಗಳು ಎಷ್ಟು ಬರಬೇಕು ಎಂದು ಮೊದಲೇ ಲೆಕ್ಕ ಹಾಕಬೇಕು. ಅದಕ್ಕಿಂತ ಜಾಸ್ತಿ ಬಂದರೆ ಮಾತ್ರ ಹೊಸ ಸುದ್ದಿ. ಕಣಭೌತವಿಜ್ಞಾನದಲ್ಲಿ ಬೆವರು ಸುರಿಸುವ ಕೆಲಸ ಇದೇ. ಹೊಸದನ್ನು ಕಲ್ಪಿಸುವುದಕ್ಕಿಂತ ಹಳೆಯದನ್ನು ನಿಖರವಾಗಿ ತಿಳಿಯುವುದಕ್ಕೆ ಹತ್ತು ಪಟ್ಟು ಶ್ರಮ ಬೇಕು.

ನನ್ನ ಥೀಸಿಸ್ ಕೊಲೈಡರ್ ಕಟ್ಟುತ್ತಿದ್ದ ಕಾಲದ್ದು. ಗ್ಲುಯಿನೊ ಹುಟ್ಟಿದರೆ ಅದು ಹೇಗೆ ಒಡೆಯುತ್ತದೆ, ಡಿಟೆಕ್ಟರ್‌ನಲ್ಲಿ ಏನು ಕಾಣಬೇಕು ಎಂಬುದು ನನ್ನ ಲೆಕ್ಕ. ಪ್ರೋಟಾನಿನ ಕೆಲವು ನೂರು ಪಟ್ಟು ತೂಕದ ಗ್ಲುಯಿನೊ ಆಗ ಎಲ್ಲರ ನಿರೀಕ್ಷೆ. ಹಿಗ್ಸ್ ಒಗಟು ಚೆನ್ನಾಗಿ ಬಗೆಹರಿಯಬೇಕಾದರೆ ಜೋಡಿಗಳು ಅತಿ ಭಾರ ಇರಬಾರದು ಎಂಬುದೇ ಆ ನಿರೀಕ್ಷೆಗೆ ಆಧಾರ.

2012ರ ಜುಲೈ 4ರಂದು ಹಿಗ್ಸ್ ಬೋಸಾನಿನ ಘೋಷಣೆ ಆಯಿತು. ಸಭಾಂಗಣದಲ್ಲಿ ಕೂತಿದ್ದ ಪೀಟರ್ ಹಿಗ್ಸ್ ಕಣ್ಣು ಒರೆಸಿಕೊಂಡದ್ದನ್ನು ನೇರ ಪ್ರಸಾರದಲ್ಲಿ ನೋಡಿ ನಮ್ಮ ಕೋಣೆಯಲ್ಲೂ ಕೆಲವರು ಅತ್ತರು. 1964ರ ಒಂದು ಯೋಚನೆ 48 ವರ್ಷದ ಮೇಲೆ ನಿಜವಾಗಿ ಕಣ್ಣ ಮುಂದೆ ನಿಂತಿತ್ತು. ಮುಂದಿನ ಸರದಿ ಸೂಪರ್‌ಸಿಮೆಟ್ರಿಯದು ಎಂದು ನಮ್ಮಲ್ಲಿ ಅನೇಕರು ನಂಬಿದ್ದೆವು. 2015ರಲ್ಲಿ ಯಂತ್ರದ ಶಕ್ತಿ 13 ಟೆರಾ ಎಲೆಕ್ಟ್ರಾನ್ ವೋಲ್ಟ್‌ಗೆ ಏರಿತು. ದತ್ತಾಂಶ ಬರುತ್ತಾ ಹೋಯಿತು. ಅಳೆದ ಸಂಖ್ಯೆಗಳು ಮಾಮೂಲಿ ಲೆಕ್ಕದ ಮೇಲೇ ಕೂತವು. ಸರಳ ಮಾದರಿಗಳಲ್ಲಿ ಈಗ ಗ್ಲುಯಿನೊ ಇದ್ದರೆ ಅದು ಪ್ರೋಟಾನಿನ 2000 ಪಟ್ಟಿಗಿಂತ ಜಾಸ್ತಿ ಭಾರ ಇರಬೇಕು. ನನ್ನ ಥೀಸಿಸಿನ ಗ್ರಾಫ್‌ಗಳಲ್ಲಿದ್ದ ಪ್ರದೇಶವನ್ನೆಲ್ಲ ಪ್ರಯೋಗ ಗುಡಿಸಿ ನೋಡಿದೆ. ಅಲ್ಲಿ ಏನೂ ಇಲ್ಲ.

ನೋವಾಯಿತೇ? ಆಯಿತು. ಒಬ್ಬ ಸಹೋದ್ಯೋಗಿ ಒಂದು ಸೆಮಿನಾರಿನ ನಂತರ ಬಹಳ ಹೊತ್ತು ಮಾತೇ ಆಡಲಿಲ್ಲ. ಆದರೆ ವ್ಯರ್ಥ ಎಂಬ ಮಾತನ್ನು ನಾನು ಒಪ್ಪುವುದಿಲ್ಲ ಸರ್. ಕೊಲೈಡರ್‌ಗೆ ಮುಂಚೆ ಆ ಪ್ರದೇಶದಲ್ಲಿ ಏನಿದೆ ಎಂದು ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಹಿಗ್ಸ್ ಹಗುರವಾಗಿದೆ, ಅದನ್ನು ಹಗುರವಾಗಿಡಲು ಬೇಕು ಎಂದುಕೊಂಡ ಕಣಗಳು ಹತ್ತಿರದಲ್ಲಿಲ್ಲ. ಇವೆರಡನ್ನೂ ಒಟ್ಟಿಗೆ ವಿವರಿಸಬೇಕಾದ ಕೆಲಸ ಈಗ ನಮ್ಮ ಮುಂದಿದೆ. ಸಿಗದೇ ಇದ್ದದ್ದರಿಂದಲೇ ಹುಟ್ಟಿದ ಪ್ರಶ್ನೆ ಇದು. ನನ್ನ ವಿದ್ಯಾರ್ಥಿಗಳು ಇಂದು ಅದರ ಮೇಲೆ ಕೆಲಸ ಮಾಡುತ್ತಿದ್ದಾರೆ. ಅವರು ಓದುವ ಪಟ್ಟಿಯಲ್ಲಿ ನಾವು ಓದಿದ ಅರ್ಧ ವಿಷಯ ಇಲ್ಲ, ನಮಗೆ ಹೊಳೆಯದೇ ಇದ್ದ ಎಷ್ಟೋ ವಿಷಯ ಇದೆ.

ಸೂಪರ್‌ಸಿಮೆಟ್ರಿ ಸತ್ತಿತೇ ಎಂದು ಕೇಳಿದರೆ ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳುತ್ತೇನೆ. 1990ರ ದಶಕದಲ್ಲಿ ನಮಗೆ ಹೇಳಿಕೊಟ್ಟ ರೂಪದಲ್ಲಿ ಅದು ಉಳಿದಿಲ್ಲ. ತುಂಬ ಮೇಲಿನ ಶಕ್ತಿಯಲ್ಲಿ ಅದು ಇರಬಹುದು, ಅದನ್ನು ಈ ಯಂತ್ರ ಅಲ್ಲಗಳೆಯಲಾರದು. ಆದರೆ ಪ್ರತಿ ಸಲ ಸಿಗದಾಗಲೂ ‘ಇನ್ನು ಸ್ವಲ್ಪ ಮೇಲೆ ಇದೆ’ ಎಂದು ಜನರಿಗೆ ಭರವಸೆ ಕೊಡುವುದು ಸರಿಯಲ್ಲ. ಹಣ ಕೊಡುವವರು ನೀವು. ನಿಮಗೆ ನಿಜವಾದ ಸ್ಥಿತಿ ಗೊತ್ತಿರಬೇಕು. ಮುಂದಿನ ಯಂತ್ರ ಕಟ್ಟುವುದಾದರೆ, ಹಿಗ್ಸ್ ಅನ್ನು ಇನ್ನೂ ನಿಖರವಾಗಿ ಅಳೆಯುವುದಕ್ಕೆ ಎಂದು ಹೇಳಿ ಕಟ್ಟಬೇಕು. ಆ ಕಾರಣವೇ ಸಾಕಷ್ಟು ಗಟ್ಟಿಯಾಗಿದೆ.

ಪ್ರಶ್ನೆ: ಆ ಯಂತ್ರದಿಂದ ಕಪ್ಪುಕುಳಿ ಹುಟ್ಟಿ ಭೂಮಿಯನ್ನು ನುಂಗುತ್ತದಂತೆ, ಹೌದಾ? (ಓದುಗರು)

ಇಲ್ಲ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಲ್ಲಿ ಈ ಯಂತ್ರಕ್ಕಿಂತ ಎಷ್ಟೋ ಜಾಸ್ತಿ ಶಕ್ತಿಯವು ಇವೆ. ಕೋಟ್ಯಂತರ ವರ್ಷಗಳಿಂದ ಅವು ಭೂಮಿಗೆ, ಸೂರ್ಯನಿಗೆ, ಬೇರೆ ನಕ್ಷತ್ರಗಳಿಗೆ ಬಡಿಯುತ್ತಲೇ ಇವೆ. ಎಲ್ಲವೂ ಹಾಗೇ ಇವೆ. ನಿಶ್ಚಿಂತೆಯಿಂದ ಇರಿ.

ಪ್ರಶ್ನೆ: ‘ಹೊಸ ಕಣ ಪತ್ತೆ’ ಎಂದು ಸುದ್ದಿ ಬರುತ್ತದೆ, ಆಮೇಲೆ ಸದ್ದೇ ಇರುವುದಿಲ್ಲ. ಯಾವುದನ್ನು ನಂಬಬೇಕು? (ಬ್ಯಾಂಕ್ ಉದ್ಯೋಗಿ)

ಒಂದು ನಿಜ ಘಟನೆ ಹೇಳುತ್ತೇನೆ. 2015ರ ಡಿಸೆಂಬರಿನಲ್ಲಿ ಅಟ್ಲಾಸ್ ಮತ್ತು ಸಿಎಂಎಸ್ ಎರಡರಲ್ಲೂ ಎರಡೆರಡು ಫೋಟಾನ್‌ಗಳ ಘಟನೆಗಳು 750 ಗಿಗಾ ಎಲೆಕ್ಟ್ರಾನ್ ವೋಲ್ಟ್ (ಪ್ರೋಟಾನಿನ ತೂಕದ ಸುಮಾರು 800 ಪಟ್ಟು) ಹತ್ತಿರ ಸ್ವಲ್ಪ ಜಾಸ್ತಿ ಕಂಡವು. ಕೆಲವೇ ತಿಂಗಳಲ್ಲಿ ಅದನ್ನು ವಿವರಿಸುವ ನೂರಾರು ಪ್ರಬಂಧಗಳು ಬಂದವು. 2016ರ ಆಗಸ್ಟ್ ಹೊತ್ತಿಗೆ ಹೆಚ್ಚು ದತ್ತಾಂಶ ಸೇರಿತು, ಆ ಉಬ್ಬು ಮಾಯವಾಯಿತು. ಯಾರೂ ಮೋಸ ಮಾಡಿರಲಿಲ್ಲ. ಅದು ಆಕಸ್ಮಿಕ ಏರಿಳಿತ. ಸಾವಿರಾರು ಗ್ರಾಫ್ ನೋಡಿದರೆ ಕೆಲವು ಕಡೆ ಹೀಗೆ ಬರಲೇಬೇಕು.

ಅದಕ್ಕೇ ನಮ್ಮಲ್ಲಿ ‘5 ಸಿಗ್ಮಾ’ ಎಂಬ ಗಟ್ಟಿ ನಿಯಮ ಇದೆ. ಹೊಸ ಕಣವೇ ಇಲ್ಲ ಎಂದುಕೊಂಡರೆ, ಬರೀ ಆಕಸ್ಮಿಕವಾಗಿ ಅಷ್ಟು ದೊಡ್ಡ ಉಬ್ಬು ಬರುವ ಸಾಧ್ಯತೆ ಸುಮಾರು 35 ಲಕ್ಷದಲ್ಲಿ 1 ಇರಬೇಕು. ಪತ್ರಿಕೆಗಳಲ್ಲಿ ಇದನ್ನು ‘ಕಣ ಇಲ್ಲದಿರುವ ಸಾಧ್ಯತೆ 35 ಲಕ್ಷದಲ್ಲಿ 1’ ಎಂದು ಬರೆಯುತ್ತಾರೆ. ಎರಡೂ ಒಂದೇ ಅಲ್ಲ, ದಯವಿಟ್ಟು ಗಮನಿಸಿ. ಅಳತೆಯ ಉಪಕರಣದಲ್ಲೇ ದೋಷ ಇದ್ದರೆ ಯಾವ ಸಿಗ್ಮಾ ಕೂಡ ಕಾಪಾಡುವುದಿಲ್ಲ. ಆದ್ದರಿಂದ ಸುದ್ದಿ ಓದುವಾಗ ಎರಡು ವಿಷಯ ನೋಡಿ: 5 ಸಿಗ್ಮಾ ದಾಟಿದೆಯೇ, ಬೇರೆ ತಂಡ ಬೇರೆ ಉಪಕರಣದಲ್ಲಿ ಅದನ್ನೇ ಕಂಡಿದೆಯೇ. ಹಿಗ್ಸ್ ವಿಷಯದಲ್ಲಿ ಎರಡಕ್ಕೂ ಉತ್ತರ ಹೌದು.

ಪ್ರಶ್ನೆ: ಗಣಿತ ಇಲ್ಲದೆ ಇದೆಲ್ಲ ನಿಜವಾಗಿ ಅರ್ಥವಾಗುತ್ತದೆಯೇ, ಅಥವಾ ಅರ್ಥವಾದಂತೆ ಅನಿಸುತ್ತದೆಯೇ? (ಓದುಗರು)

ಗಣಿತ ಇಲ್ಲದೆ ನೀವು ಲೆಕ್ಕ ಮಾಡಲಾರಿರಿ. ಆದರೆ ವಾದ ಏನು, ಅದಕ್ಕೆ ಪುರಾವೆ ಎಷ್ಟು ಎಂಬುದನ್ನು ಖಂಡಿತ ತೂಗಬಲ್ಲಿರಿ. ನಾನು ಪ್ರತಿ ಅಂಕಣ ಬರೆದ ಮೇಲೆ ಪೆನ್ಸಿಲ್ ಹಿಡಿದು ಕೂರುತ್ತೇನೆ. ಪ್ರತಿ ವಾಕ್ಯದ ಪಕ್ಕ ‘ಅಳೆದದ್ದು’, ‘ಲೆಕ್ಕ ಹಾಕಿದ್ದು’, ‘ಆಸೆ’ ಎಂದು ಗುರುತು ಹಾಕುತ್ತೇನೆ. ಆಸೆಯ ವಾಕ್ಯ ಅಳೆದದ್ದರ ಧಾಟಿಯಲ್ಲಿ ಇದ್ದರೆ ತಿದ್ದುತ್ತೇನೆ. ವಿಜ್ಞಾನ ಬರೆಯುವವರು ಓದುಗರಿಗೆ ಕೊಡಬೇಕಾದ ಮೊದಲ ಗೌರವ ಇದು ಎಂದು ನಂಬಿದ್ದೇನೆ.

ಪ್ರಶ್ನೆ: ಮಗಳು ಕಣಭೌತವಿಜ್ಞಾನವೇ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಕೆಲಸ ಸಿಗುತ್ತದೆಯೇ ಮೇಡಂ? (ಒಬ್ಬ ತಾಯಿ)

ಅಮ್ಮಾ, ಸುಳ್ಳು ಸಮಾಧಾನ ಹೇಳುವುದಿಲ್ಲ. ಪಿಎಚ್‌ಡಿ ಮುಗಿಯಲು ವರ್ಷಗಳು ಬೇಕು. ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಜಾಗ ಬದಲಿಸುವ ತಾತ್ಕಾಲಿಕ ಕೆಲಸಗಳು. ಕಾಯಂ ಹುದ್ದೆ ಸಿಗುವುದು ಕೆಲವರಿಗೆ ಮಾತ್ರ. ಮನೆಯವರಿಂದ ದೂರ ಇರಬೇಕಾಗುತ್ತದೆ. ಇದು ಅವಳಿಗೂ ಈಗಲೇ ಗೊತ್ತಿರಲಿ.

ಆದರೆ ಆ ದಾರಿಯಲ್ಲಿ ಕಲಿತದ್ದು ಕೈಬಿಡುವುದಿಲ್ಲ. ನನ್ನ ಜೊತೆ ಪಿಎಚ್‌ಡಿ ಮಾಡಿದವರಲ್ಲಿ ಒಬ್ಬರು ಈಗ ಕ್ಯಾನ್ಸರ್ ಚಿಕಿತ್ಸೆಯ ವಿಕಿರಣ ಯಂತ್ರಗಳ ಜೊತೆ ಕೆಲಸ ಮಾಡುತ್ತಾರೆ. ಇನ್ನೊಬ್ಬರು ಹವಾಮಾನದ ಮಾದರಿ ಬರೆಯುತ್ತಾರೆ. ಮಗಳಿಗೆ ಗಣಿತ ಚೆನ್ನಾಗಿ ಕಲಿಯಲು ಹೇಳಿ. ಪ್ರೋಗ್ರಾಮಿಂಗ್ ಮತ್ತು ಸಂಖ್ಯಾಶಾಸ್ತ್ರ ಬಿಡದಿರಲಿ. ಮತ್ತೆ, ಒಂದು ಸೂಪರ್‌ಹಿಟ್ ಸಿದ್ಧಾಂತಕ್ಕೆ ತನ್ನನ್ನು ಕಟ್ಟಿಹಾಕಿಕೊಳ್ಳುವುದು ಬೇಡ. ಹಟ ಇದ್ದರೆ ಒಳ್ಳೆಯದೇ, ಅದು ಬೇಕಾಗುತ್ತದೆ.

ಪ್ರಶ್ನೆ: ಆಂಟಿ, ಕಣಗಳನ್ನು ನೋಡಿದವರು ಯಾರು? ನಾನು ನೋಡಬಹುದಾ? (ಎಂಟನೇ ಕ್ಲಾಸ್ ಹುಡುಗ)

ನೋಡಬಹುದು ಕಣೋ! ಕಣ ಕಾಣುವುದಿಲ್ಲ, ಅದು ಹೋದ ದಾರಿ ಕಾಣುತ್ತದೆ. ಆಂಡರ್ಸನ್ ಪಾಸಿಟ್ರಾನ್ ಕಂಡದ್ದೂ ಹೀಗೇ, ಕ್ಲೌಡ್ ಚೇಂಬರ್ ಎಂಬ ಪೆಟ್ಟಿಗೆಯಲ್ಲಿ. ಅದನ್ನು ಕಂಡುಹಿಡಿದ ಸಿ.ಟಿ.ಆರ್. ವಿಲ್ಸನ್ ಅವರಿಗೆ 1927ರಲ್ಲಿ ನೊಬೆಲ್ ಬಂತು. ಅದೇ ಕೆಲಸ ಮಾಡುವ ಸರಳ ಪೆಟ್ಟಿಗೆಯನ್ನು ನಿಮ್ಮ ಸೈನ್ಸ್ ಟೀಚರ್ ಜೊತೆ ಸೇರಿ ಮಾಡಬಹುದು.

ಪಾರದರ್ಶಕ ಡಬ್ಬಿಯ ಒಳಗೆ ತಳಕ್ಕೆ ದಪ್ಪ ಬಟ್ಟೆ ಅಂಟಿಸಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿ. ಬಾಯಿಯನ್ನು ಕಪ್ಪು ಬಳಿದ ಲೋಹದ ತಟ್ಟೆಯಿಂದ ಗಾಳಿಯಾಡದಂತೆ ಮುಚ್ಚಿ. ಬಟ್ಟೆ ಮೇಲೆ, ತಟ್ಟೆ ಕೆಳಗೆ ಬರುವಂತೆ ಡಬ್ಬಿಯನ್ನು ತಲೆಕೆಳಗು ಮಾಡಿ, ತಟ್ಟೆಯ ಕೆಳಗೆ ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್) ಇಡಿ. ಆಲ್ಕೋಹಾಲ್ ಆವಿ ಕೆಳಗಿಳಿದು ತಣ್ಣಗಾಗಿ, ಮಂಜಾಗಲು ತುದಿಗಾಲಲ್ಲಿ ನಿಂತಿರುತ್ತದೆ. ಕಣವೊಂದು ಹಾದುಹೋದರೆ ಅದರ ದಾರಿಯುದ್ದಕ್ಕೂ ಹನಿ ಕಟ್ಟುತ್ತದೆ. ಕೋಣೆ ಕತ್ತಲು ಮಾಡಿ ಪಕ್ಕದಿಂದ ಟಾರ್ಚ್ ಬಿಟ್ಟು ಕಾದರೆ ಬಿಳಿ ಗೆರೆಗಳು ಕಾಣುತ್ತವೆ. ಗಿಡ್ಡ, ದಪ್ಪ ಗೆರೆ ಬಂದರೆ ಆಲ್ಫಾ ಕಣ. ಉದ್ದ, ತೆಳು, ನೇರ ಗೆರೆಗಳಲ್ಲಿ ಹೆಚ್ಚಿನವು ಮ್ಯೂಆನ್, ಅಂದರೆ ಎಲೆಕ್ಟ್ರಾನಿನ ಭಾರವಾದ ಸಂಬಂಧಿ. ಕಾಸ್ಮಿಕ್ ಕಿರಣಗಳು ನಮ್ಮ ಮೇಲಿನ ಗಾಳಿಗೆ ಬಡಿದಾಗ ಹುಟ್ಟಿದ್ದು ಅದು. ಅಂಕುಡೊಂಕಾಗಿ ಓಡಿದರೆ ಎಲೆಕ್ಟ್ರಾನ್.

ಡ್ರೈ ಐಸ್ ಮೈನಸ್ 78 ಡಿಗ್ರಿ ಇರುತ್ತದೆ, ಬರಿಗೈಯಲ್ಲಿ ಮುಟ್ಟಬಾರದು. ಕಿಟಕಿ ತೆಗೆದಿರಲಿ, ಹತ್ತಿರ ಬೆಂಕಿ ಬೇಡ, ದೊಡ್ಡವರು ಜೊತೆಗಿರಬೇಕು. ಹತ್ತು ನಿಮಿಷ ಏನೂ ಕಾಣದಿದ್ದರೆ ಮುಚ್ಚಿದ ಜಾಗದಲ್ಲಿ ಗಾಳಿ ಸೋರುತ್ತಿದೆಯಾ ನೋಡಿ, ಸರಿಮಾಡಿ. ಕಂಡ ಗೆರೆಗಳ ಚಿತ್ರ ಬರೆದು ನನಗೆ ಕಳಿಸು, ಯಾವುದು ಯಾವ ಕಣ ಎಂದು ನಿನ್ನ ಊಹೆಯನ್ನೂ ಪಕ್ಕದಲ್ಲಿ ಬರಿ.